ಅಳಿಯನ ಹೆಸರಿನ ಹಲ್ಲುಗಳು

"ಕೀ ಕೊಡಿ ಬೀಗರೇ. ಇಲ್ಲಾಂದ್ರೆ ಬಾಗಿಲು ಒಡೀತೀನಿ."

ಹಾಗೆನ್ನುವಾಗ ಅಕ್ಕನ ಕೈ ಆಗಲೇ ಹಿಡಿಕೆಯ ಮೇಲಿತ್ತು. ಎಕ್ಸ್‌ರೇ ಕೋಣೆಯ ಬಾಗಿಲು ಅದು. ಒಳಮೈಗೆ ಸೀಸದ ತಗಡು ಹೊದಿಸಿದ್ದರಿಂದ ಒಡೆಯುವುದಿರಲಿ, ತಳ್ಳುವುದಕ್ಕೇ ಮೈಯೆಲ್ಲ ಬೆವರಬೇಕು. ಆದರೂ ಅವಳ ಮುಖ ನೋಡಿದವರಿಗೆ ಆ ಬಾಗಿಲ ಮೇಲೆಯೇ ಕನಿಕರ ಹುಟ್ಟುತ್ತಿತ್ತು.

"ಒಡಿ! ಒಡೆದು ನೋಡು!" ಡಾಕ್ಟರು ಅಷ್ಟೇ ಜೋರಾಗಿ ಕೂಗಿದರು. "ನಿನ್ನ ತಮ್ಮನಿಗೆ ಮಗಳನ್ನ ಕೊಟ್ಟೆ, ಇರೋಕೆ ಮನೆ ಕೊಟ್ಟೆ. ಈಗ ಬಾಗಿಲನ್ನೂ ಕಿತ್ತು ಕೊಡಬೇಕಾ?"

ಊರಾಚೆ ಕಲ್ಲುಗಣಿಯ ದಾರಿಯಲ್ಲಿ ಸುಟ್ಟು ಕರಕಲಾದ ಕಾರಿನೊಳಗೆ ಸಿಕ್ಕ ಶವ ಈ ಮನೆಯ ಅಳಿಯನದೇ ಎಂದು ಪೊಲೀಸರು ತೀರ್ಮಾನಿಸಿದ್ದು ಹಲ್ಲುಗಳ ಒಂದೇ ಒಂದು ಎಕ್ಸ್‌ರೇ ನೋಡಿ. ಅದನ್ನು ಕೊಟ್ಟವರು ಸ್ವತಃ ದಂತವೈದ್ಯರಾದ ಮಾವ. ಒಪ್ಪದೆ ತಕರಾರು ಹೂಡಿದವಳು ಅಳಿಯನ ಅಕ್ಕ ಒಬ್ಬಳೇ. ತಕರಾರು ಹಿಂತೆಗೆದುಕೊಂಡು ಅವಳು ಸಹಿ ಹಾಕದೆ ಶವ ಯಾರಿಗೂ ಸಿಗುವಂತಿರಲಿಲ್ಲ, ಕಡತ ಮುಚ್ಚುವಂತಿರಲಿಲ್ಲ.

ಡ್ರೈವಿಂಗ್ ಶಾಲೆಯಲ್ಲಿ ಹೊಸಬರ ಪಕ್ಕದ ಸೀಟಿನಲ್ಲಿ ಕೂತು ಜೀವ ಕೈಯಲ್ಲಿ ಹಿಡಿದು ಬದುಕುವ ಹೆಂಗಸು ಅವಳು. ಕಲಿಯಲು ಬಂದವರೆಲ್ಲ ಅಕ್ಕ ಅಕ್ಕ ಎಂದು ಕರೆದೂ ಕರೆದೂ ಊರಿಗೆಲ್ಲ ಅಕ್ಕನಾಗಿದ್ದಳು. ಅವಳು ಕೂಗಿದರೆ ಎದುರು ರಸ್ತೆಯ ಲಾರಿಯೂ ಬ್ರೇಕ್ ಹಾಕುತ್ತದೆ ಎಂಬ ಮಾತಿತ್ತು. ಡಾಕ್ಟರು ಮಾತ್ರ ಹಾಕಲಿಲ್ಲ.

"ಕೀ ನನ್ನ ಹತ್ರ ಇಲ್ಲ. ಇವಳ ಹತ್ರ ಇದೆ," ಎಂದು ಅವರು ಗೋಡೆಗೆ ಒರಗಿ ನಿಂತಿದ್ದ ನರ್ಸಿನತ್ತ ಗದ್ದ ತಿರುಗಿಸಿದರು. "ಯಾವಾಗ್ಲೂ ಇವಳ ಹತ್ರಾನೇ ಇರೋದು. ಚಿತ್ರ ಅದಲುಬದಲು ಆಗಿದ್ರೆ ಅದೂ ಇವಳದೇ ಕೆಲಸ. ಯಾರ ಹಲ್ಲಿಗೋ ಯಾರ ಹೆಸರೋ ಬರೆದಿಟ್ಟಿರ್ತಾಳೆ. ದಂಡಪಿಂಡ!"

ನರ್ಸ್ ಮೆತ್ತಗಿನ ಹೆಂಗಸು ಎಂದು ಎಲ್ಲರೂ ತಿಳಿದಿದ್ದರು. ಅವತ್ತು ಅದೂ ಸುಳ್ಳಾಯಿತು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ!" ಅವಳು ಕೋಟಿನ ಜೇಬಿನಿಂದ ಕೀ ತೆಗೆದು ಔಷಧದ ಮೇಜಿನ ಮೇಲೆ ಫಟಾರನೆ ಕುಕ್ಕಿದಳು. "ನಿಮ್ಮ ರೋಗಿಗಳ ಎಂಜಲು ರಕ್ತ ತೊಳೆದಿದ್ದಕ್ಕೆ ಒಳ್ಳೇ ಮರ್ಯಾದೆ ಕೊಟ್ರಿ ಡಾಕ್ಟ್ರೇ. ಹೆಸರು ಬರೆಯೋದು ನಾನು, ನಿಜ. ಬರೆದದ್ದನ್ನ ತಿದ್ದೋ ಬುದ್ಧಿ ನನಗೆ ಬಂದಿಲ್ಲ."

ಆಗಷ್ಟೇ ಮಹಡಿಯಿಂದ ಇಳಿದು ಬಂದು ಬಾಯಿ ಬಿಡದೆ ನಿಂತಿದ್ದವನು ಆ ಕೀಯನ್ನು ಎತ್ತಿಕೊಂಡ. ಒಂದು ಕಾಲಕ್ಕೆ ಬೆಂಕಿ ಅನಾಹುತಗಳ ತನಿಖೆ ಮಾಡುತ್ತಿದ್ದು, ಮೇಲಿನವರ ಜೊತೆ ಜಗಳವಾಡಿ ಕೆಲಸ ಬಿಟ್ಟು, ಈಗ ಖಾಸಗಿಯಾಗಿ ಪತ್ತೇದಾರಿಕೆ ಮಾಡುವವನು, ಅಕ್ಕ ಕರೆತಂದವನು. ನಕ್ಕದ್ದನ್ನು ನೋಡಿದವರಿಲ್ಲ. ಅದಕ್ಕೇ ಎಲ್ಲರೂ ಅವನನ್ನು ಗಂಟುಮೋರೆ ಎನ್ನುತ್ತಿದ್ದರು, ಬೆನ್ನ ಹಿಂದೆಯೂ, ಎದುರಿಗೂ.

"ಒಳಗೆ ಹೋಗೋಣ," ಎಂದ ಅವನು. "ಎಲ್ಲರೂ. ಒಬ್ಬರೂ ಹೊರಗೆ ಉಳಿಯೋದು ಬೇಡ."

*

ಮಧ್ಯಾಹ್ನ ಕ್ಲಿನಿಕ್ ಮುಚ್ಚಿರುವ ಹೊತ್ತು. ಕೋಣೆ ತುಂಬ ಸ್ಪಿರಿಟಿನ ವಾಸನೆ. ಮಧ್ಯದಲ್ಲಿ ರೋಗಿಯ ಕುರ್ಚಿ, ಅದರ ಮೇಲೆ ಕೊಕ್ಕರೆಯ ಕತ್ತಿನಂತೆ ಬಾಗಿದ ಎಕ್ಸ್‌ರೇ ಯಂತ್ರ, ಮೂಲೆಯ ಮೇಜಿನ ಮೇಲೆ ಹಳದಿಗಟ್ಟಿದ ಹಳೇ ಕಂಪ್ಯೂಟರ್. ಪರದೆಯ ಗಾಜು ಉಬ್ಬಿತ್ತು. ಗುಂಡಿ ಒತ್ತಿದರೆ ಒಳಗಿನ ಫ್ಯಾನು ಕೆಮ್ಮಿ ಕೆಮ್ಮಿ ತಿರುಗತೊಡಗಿತು.

"ಇನ್ನೂ ಇದನ್ನ ಯಾಕೆ ಇಟ್ಕೊಂಡಿದ್ದೀರಿ?" ಗಂಟುಮೋರೆ ಕೇಳಿದ.

"ಯಂತ್ರ ಮಾಡಿದ ಕಂಪನಿ ಬಾಗಿಲು ಹಾಕ್ಕೊಂಡು ಹೋಯ್ತು ಕಣಯ್ಯಾ. ಇದು ಬಿಟ್ರೆ ಬೇರೆ ಯಾವ ಕಂಪ್ಯೂಟರ್ ಮಾತನ್ನೂ ಆ ಯಂತ್ರ ಕೇಳಲ್ಲ." ಡಾಕ್ಟರು ಪತ್ತೇದಾರನಿಗೂ ಬಹುವಚನ ಖರ್ಚು ಮಾಡುವವರಲ್ಲ. "ಅದಕ್ಕೇ ಹೇಳ್ತಿರೋದು, ನಿನ್ನ ಅನುಮಾನಕ್ಕೆ ಬುಡಾನೇ ಇಲ್ಲ ಅಂತ. ನನ್ನ ಹೊಸ ಕಂಪ್ಯೂಟರ್ ಮಹಡಿ ಮೇಲಿದೆ. ಅದಕ್ಕೂ ಇದಕ್ಕೂ ಎಣ್ಣೆ ಸೀಗೇಕಾಯಿ. ಒಂದರ ಫೈಲು ಇನ್ನೊಂದಕ್ಕೆ ಕಾಣೋದೇ ಇಲ್ಲ. ಚಿತ್ರ ಬೇಕಾದ್ರೆ ಇಲ್ಲಿಂದ ಪೆನ್‌ಡ್ರೈವ್‌ನಲ್ಲಿ ತುಂಬ್ಕೊಂಡು ಮೆಟ್ಲು ಹತ್ತಬೇಕು. ಮೇಲೆ ಕೂತೋನು ಇಲ್ಲಿರೋದನ್ನ ಬದಲಾಯಿಸೋಕೆ ಆಗಲ್ಲ. ಬದಲಾಯಿಸಿದ್ರೆ ಈ ಕೋಣೇಲಿ ಕೂತೋರೇ ಬದಲಾಯಿಸ್ಬೇಕು."

ನರ್ಸ್ ಹಲ್ಲು ಕಚ್ಚಿದಳು.

ಗಂಟುಮೋರೆ ಕುರ್ಚಿ ಎಳೆದು ಕಂಪ್ಯೂಟರಿನ ಮುಂದೆ ಕೂತ.

"ನನ್ನ ಮನೇಲೂ ಇಂಥದೊಂದು ಮುದುಕಪ್ಪ ಇದೆ ಡಾಕ್ಟ್ರೇ. ಹೆಂಡತಿಯ ಹಳೇ ಫೋಟೋಗಳೆಲ್ಲ ಅದರ ಹೊಟ್ಟೇಲಿವೆ. ಹೊಸ ಲ್ಯಾಪ್‌ಟಾಪ್ ತಂದು ಎರಡಕ್ಕೂ ಮಾತುಕತೆ ಮಾಡಿಸೋಕೆ ಹೋದೆ. ಸತ್ರೂ ಆಗ್ಲಿಲ್ಲ. ಯಾಕೆ ಅಂತ ತಿಳ್ಕೊಳ್ಳೋ ಅಷ್ಟರಲ್ಲಿ ಹೆಂಡತಿ ಊಟ ಹಾಕೋದು ನಿಲ್ಸಿದ್ಲು."

"ನಿನ್ನ ಸಂಸಾರದ ಕಥೆ ಯಾರಿಗೆ ಬೇಕಾಗಿತ್ತು?"

"ಬೇಕಾಗುತ್ತೆ. ಹಳೇ ಕಂಪ್ಯೂಟರ್ ಫೈಲು ಹಂಚಿಕೊಳ್ಳೋದು ಹಳೇ ಭಾಷೇಲಿ. ಹೊಸದಕ್ಕೆ ಆ ಭಾಷೆ ಬರಲ್ಲ ಅಂತಲ್ಲ, ಬರುತ್ತೆ. ಆದ್ರೆ ಆ ದಾರೀಲಿ ಕಳ್ಳರು ನುಗ್ತಾರೆ ಅಂತ ಮಾಡಿದೋರೇ ಅದರ ಬಾಯಿಗೆ ಬೀಗ ಹಾಕಿ ಕಳಿಸ್ತಾರೆ. ಆ ಬೀಗ ತಾನಾಗಿ ತೆರೆಯಲ್ಲ. ಯಾರಾದ್ರೂ ಕೂತು, ಹೊಸ ಕಂಪ್ಯೂಟರಿನ ಒಳಗೆ ಹೋಗಿ, ಒಂದು ಸಣ್ಣ ಚೌಕ ಹುಡುಕಿ ಟಿಕ್ ಹಾಕಬೇಕು. ಬೇಕು ಅಂತಲೇ ಹಾಕಬೇಕು."

"ಅದಕ್ಕೆ?"

"ನೀವು ಕೆಳಗೆ ಅಕ್ಕನ ಜೊತೆ ಕೂಗಾಡ್ತಿದ್ರಲ್ಲ, ಆಗ ನಾನು ಮಹಡಿ ಮೇಲಿದ್ದೆ. ನಿಮ್ಮ ಮಗಳು ನಿಮ್ಮ ಹೊಸ ಕಂಪ್ಯೂಟರ್ ತೋರಿಸಿದ್ರು. ಆ ಚೌಕದಲ್ಲಿ ಟಿಕ್ ಇದೆ. ಈ ಕೋಣೆಯ ಒಂದೊಂದು ಎಕ್ಸ್‌ರೇನೂ ಮೇಲಿಂದ ಚೆನ್ನಾಗಿ ಕಾಣುತ್ತೆ. ಹೆಸರು ಬದಲಾಯಿಸ್ಬಹುದು, ಅಳಿಸ್ಬಹುದು, ಒಂದರ ಮೇಲೆ ಇನ್ನೊಂದು ಕೂರಿಸ್ಬಹುದು. ಈ ಕೀ ಬೇಕಾಗಿಲ್ಲ, ಈ ಬಾಗಿಲೂ ಬೇಕಾಗಿಲ್ಲ."

ಡಾಕ್ಟರ ಕುತ್ತಿಗೆಯ ನರ ಉಬ್ಬಿತು. ಅವರು ಪತ್ತೇದಾರನನ್ನು ಬಿಟ್ಟು ಬಾಗಿಲ ಬಳಿ ನಿಂತಿದ್ದ ಮಗಳನ್ನು ನೋಡಿದರು.

"ನನ್ನ ಕೋಣೆಗೆ ಇವನನ್ನ ಬಿಟ್ಟೆಯಾ? ನನ್ನ ಕೇಳ್ದೇನೆ?"

"ಕೇಳಿದ್ರೆ ಬಿಡ್ತಿದ್ರಾ ಅಪ್ಪಾ?"

ಗಂಡ ಸತ್ತನೆಂಬ ಸುದ್ದಿ ಬಂದಾಗಿನಿಂದ ಅವಳು ತಲೆ ಬಾಚಿರಲಿಲ್ಲ. ದನಿ ಮಾತ್ರ ಗಟ್ಟಿಯಾಗಿಯೇ ಇತ್ತು. ಅವಳು ಅಕ್ಕನ ಕಡೆ ತಿರುಗಿದಳು. "ನಿಮಗೋಸ್ಕರ ತೋರಿಸ್ಲಿಲ್ಲ ಅತ್ತಿಗೆ. ಅವರು ಸತ್ತಿಲ್ಲ ಅಂತ ನೀವು ಬಾಯಿ ಬಿಟ್ಟಾಗಲೆಲ್ಲ ನಾನು ಇನ್ನೊಂದು ಸಲ ಗಂಡನ್ನ ಕಳ್ಕೊಳ್ತಿದ್ದೀನಿ. ಇವತ್ತಿಗೆ ಇದು ಮುಗೀಲಿ ಅಂತ ತೋರಿಸ್ದೆ."

ಅಕ್ಕ ಏನೋ ಹೇಳಹೊರಟು ಬಾಯಿ ಮುಚ್ಚಿಕೊಂಡಳು. ಅವಳ ಬದುಕಿನಲ್ಲಿ ಅದು ಅಪರೂಪ.

"ಟಿಕ್ ಹಾಕಿದ್ದು ನಾನಲ್ಲ," ಡಾಕ್ಟರ ಮಾತು ಈಗ ತಡವರಿಸಿತು. "ಅಳಿಯ. ಮೇಲೆ ಕೆಳಗೆ ಓಡಾಡಿ ಮಂಡಿ ನೋವು ಬರ್ತಿದೆ ಅಂದಿದ್ದಕ್ಕೆ ಅವನೇ ಮಾಡಿಕೊಟ್ಟ."

"ಅಂದ್ರೆ ಎರಡೂ ಮಾತಾಡ್ತವೆ. ಅದು ನಿಮಗೆ ಗೊತ್ತು. ಈಗ ತಾನೇ ಎಣ್ಣೆ ಸೀಗೇಕಾಯಿ ಅಂದ್ರಿ."

"ಮರೆತಿದ್ದೆ."

"ಮರೆತಿದ್ರಂತೆ!" ಅಕ್ಕ ಸಿಡಿದಳು. "ದಿನಾ ಮೇಲೆ ಕೂತ್ಕೊಂಡು ಇಲ್ಲಿನ ಚಿತ್ರ ನೋಡ್ತಿದ್ದೋರಿಗೆ ಮರೆವು! ಈ ಬಡಪಾಯಿ ತಲೆಗೆ ಕಟ್ಟುವಾಗ ಮರೀಲಿಲ್ಲ, ಅಲ್ವಾ?"

"ಬಾಯಿಗೆ ಬಂದ ಹಾಗೆ ಮಾತಾಡಬೇಡ! ನನ್ನ ಅಳಿಯನ ಹಲ್ಲು ನನಗೆ ಗೊತ್ತಿಲ್ವಾ? ನಾನೇ ನೋಡಿದ ಬಾಯಿ ಅದು!"

"ನಾನು ನಿಮಗಿಂತ ಮೊದಲೇ ನೋಡಿದ್ದೀನಿ ಬೀಗರೇ. ಚಿಕ್ಕೋನಿದ್ದಾಗ ನೀರಿನ ಟ್ಯಾಂಕ್ ಮೇಲಿಂದ ಹಾರಿ ಎಡಗಡೆ ಕೆಳದವಡೆಯ ಹಲ್ಲೊಂದನ್ನ ಬೇರು ಸಮೇತ ಕಳ್ಕೊಂಡ. ಆ ಸಂದಿಯಲ್ಲೇ ಸೀಟಿ ಊದ್ತಿದ್ದ. ನೀವು ಪೊಲೀಸರಿಗೆ ಕೊಟ್ಟ ಚಿತ್ರದಲ್ಲಿ ಎಡಗಡೆ ಒಂದು ಹಲ್ಲೂ ಕಮ್ಮಿ ಇಲ್ಲ, ಜೋಳದ ತೆನೆ ಇದ್ದಂಗಿದೆ! ಇನ್‌ಸ್ಪೆಕ್ಟರಿಗೆ ಬಡ್ಕೊಂಡೆ. ಡಾಕ್ಟರ ಮಾತಿನ ಮುಂದೆ ನಿಮ್ಮದೇನಮ್ಮ ಅಂದ್ರು."

"ನೋಡೋಣ," ಎಂದ ಗಂಟುಮೋರೆ. "ಜಗಳ ಆಡೋರಿಗೆ ಚಿತ್ರ ಕಾಣಲ್ಲ. ಸ್ವಲ್ಪ ಸುಮ್ಮನಿರಿ."

*

ಫೋಲ್ಡರ್ ತೆರೆಯಿತು. ರೋಗಿಗಳ ಹೆಸರು ಹೊತ್ತ ನೂರಾರು ಫೈಲುಗಳು ಪರದೆಯ ಮೇಲಿಂದ ಕೆಳಕ್ಕೆ ಜಾರಿದವು. ಅಳಿಯನ ಹೆಸರಿನಲ್ಲಿ ಎರಡಿದ್ದವು.

ಮೊದಲನೆಯದು ಪೊಲೀಸರಿಗೆ ಕೊಟ್ಟ ಚಿತ್ರವೇ. ಬೆಳ್ಳಗಿನ ಹಲ್ಲುಗಳು, ಒಂದಕ್ಕೊಂದು ಅಂಟಿಕೊಂಡು. ಗಂಟುಮೋರೆ ತನ್ನ ಫೋನಿನಲ್ಲಿದ್ದ ಪೊಲೀಸ್ ಪ್ರತಿಯನ್ನು ಪಕ್ಕಕ್ಕೆ ಹಿಡಿದ. ಎರಡೂ ಒಂದೇ. ಒಂದೇ ಒಂದು ವ್ಯತ್ಯಾಸವಿತ್ತು. ಕಂಪ್ಯೂಟರಿನ ಚಿತ್ರದ ಕೆಳಮೂಲೆಯಲ್ಲಿ ಇರುವೆ ಸಾಲಿನಂಥ ಸಣ್ಣ ಅಂಕಿಗಳಿದ್ದವು. ಪೊಲೀಸರಿಗೆ ಕೊಟ್ಟದ್ದರಲ್ಲಿ ಆ ಮೂಲೆಯೇ ಇರಲಿಲ್ಲ.

"ಈ ಅಂಕಿ ಏನು?"

"ರೋಗಿಯ ನಂಬರು," ನರ್ಸ್ ಹತ್ತಿರ ಬಂದಳು. "ಒಬ್ಬೊಬ್ಬರಿಗೂ ಒಂದೊಂದು. ಮೊದಲ ಸಲ ಬಂದಾಗ ಕೊಡೋದು, ಆಮೇಲೆ ಎಷ್ಟು ಸಲ ಬಂದ್ರೂ ಅದೇ. ಚಿತ್ರ ತೆಗೆಯುವಾಗಲೇ ಯಂತ್ರ ಅದನ್ನ ಒಳಗೆ ಅಚ್ಚು ಹಾಕುತ್ತೆ."

"ಫೈಲಿನ ಹೆಸರು ಬದಲಾಯಿಸಿದ್ರೆ?"

"ಹೆಸರು ಬದಲಾಗುತ್ತೆ. ಆ ನಂಬರು ಬದಲಾಗಲ್ಲ."

ಗಂಟುಮೋರೆ ಎರಡನೆಯ ಚಿತ್ರ ತೆರೆದ. ಹಳೇ ಕಂಪ್ಯೂಟರ್ ಗೊಣಗಿತು, ಯೋಚಿಸಿತು. ಚಿತ್ರ ಮೇಲಿನಿಂದ ಒಂದೊಂದೇ ಪಟ್ಟಿಯಾಗಿ ಇಳಿಯಿತು. ಮೇಲ್ದವಡೆ ಬಂತು. ಕೆಳದವಡೆ ಬಂತು. ಎಡಗಡೆ, ಹಲ್ಲುಗಳ ಸಾಲಿನ ನಡುವೆ, ಕಪ್ಪನೆಯ ಒಂದು ಸಂದಿ.

ಮೂಲೆಯಲ್ಲಿದ್ದ ನಂಬರು ಬೇರೆಯೇ ಆಗಿತ್ತು.

"ಇದು," ಅಕ್ಕ ಪರದೆಯತ್ತ ಬಾಗಿದಳು. "ಇದು ನನ್ನ ತಮ್ಮನ ಬಾಯಿ."

ಮರುಕ್ಷಣ ಅವಳು ಫೋನು ಎಳೆದು ಪರದೆಯ ಫೋಟೋ ಹೊಡೆದಳು. ಒಂದಲ್ಲ, ನಾಲ್ಕಾರು. "ಈಗ ಹೇಳಿ ಬೀಗರೇ. ಮಾರ್ಚುರಿಯಲ್ಲಿ ಮಲಗಿರೋದು ಯಾರು? ಯಾರ ಹಲ್ಲಿಗೆ ನನ್ನ ತಮ್ಮನ ಹೆಸರು ಅಂಟಿಸಿದ್ರಿ?"

ಮಗಳು ಮೆಲ್ಲಗೆ ಬಂದು ಉಬ್ಬಿದ ಗಾಜಿನ ಮೇಲೆ, ಆ ಕಪ್ಪು ಸಂದಿಯ ಮೇಲೆ, ಬೆರಳಿಟ್ಟಳು. "ಅಪ್ಪಾ," ಎಂದಳು. "ನನ್ನ ಕೈಲಿ ಸಹಿ ಹಾಕಿಸಿದ್ರಿ. ಮಾರ್ಚುರಿಗೆ ಕರ್ಕೊಂಡು ಹೋಗಿ, ಆ ಶವದ ಮುಂದೆ ನಿಲ್ಲಿಸಿ, ಇವನೇ ಅಂತ ಹೇಳಿಸಿದ್ರಿ."

"ನಿನ್ನ ಒಳ್ಳೇದಕ್ಕೇ."

"ಏನು ಒಳ್ಳೇದು?" ಅವಳು ಕಿರುಚಿದಳು. ಅಷ್ಟು ದಿನ ಅತ್ತ ಗಂಟಲಿನಲ್ಲಿ ಅಷ್ಟು ದೊಡ್ಡ ದನಿ ಉಳಿದಿದ್ದು ಅವಳಿಗೇ ಆಶ್ಚರ್ಯವಾಗಿರಬೇಕು. "ಏನು ಒಳ್ಳೇದು ಅಪ್ಪಾ ಅದರಲ್ಲಿ?"

ಡಾಕ್ಟರು ಮುಖ ತಿರುಗಿಸಿದರು.

"ಆ ಮೊದಲನೇ ನಂಬರು ಯಾರದ್ದು?" ಗಂಟುಮೋರೆ ನರ್ಸನ್ನು ಕೇಳಿದ.

"ನಂಬರು ನೋಡಿ ಹೆಸರು ಹೇಳೋಕೆ ನಾನೇನು ದೇವರಾ? ಆದ್ರೆ ಅದೇ ನಂಬರಿನ ಇನ್ನೊಂದು ಚಿತ್ರ ಇದ್ರೆ ಅದರ ಮೇಲೆ ಸರಿಯಾದ ಹೆಸರಿರುತ್ತೆ. ಒಂದೊಂದಾಗಿ ತೆಗೆದು ನೋಡ್ಬೇಕು."

"ನೋಡೋಣ."

ಅವನು ಮೇಲಿನಿಂದ ಶುರುಮಾಡಿದ. ಒಂದು ಚಿತ್ರ, ಇನ್ನೊಂದು ಚಿತ್ರ. ಪ್ರತಿಯೊಂದಕ್ಕೂ ಮುದುಕಪ್ಪನ ಕೆಮ್ಮು. ಅಕ್ಕ ಅವನ ಭುಜದ ಮೇಲೆ ಬಾಗಿ, ಕಲಿಯುವವರ ಪಕ್ಕ ಕೂತಾಗಿನ ಅಭ್ಯಾಸದಂತೆ, ಇಲ್ಲದ ಆಕ್ಸಿಲರೇಟರನ್ನು ಕಾಲಿನಲ್ಲಿ ಒತ್ತುತ್ತಿದ್ದಳು.

"ತಡೀರಿ," ಎಂದಳು ನರ್ಸ್ ಇದ್ದಕ್ಕಿದ್ದಂತೆ. "ಈಗ ಇಲ್ಲೊಂದು ಫೈಲಿತ್ತು."

"ಎಲ್ಲಿ?"

"ಇಲ್ಲೇ, ಕೊನೇಲಿ. ನೀವು ಮುಟ್ಟಿದ್ರಾ?"

ಗಂಟುಮೋರೆ ಎರಡೂ ಕೈಗಳನ್ನು ಮೇಲಕ್ಕೆತ್ತಿದ. ಎಲ್ಲರೂ ನೋಡುತ್ತಿದ್ದಂತೆಯೇ ಪಟ್ಟಿಯ ಕೊನೆಯಿಂದ ಇನ್ನೊಂದು ಹೆಸರು ಮಾಯವಾಯಿತು. ಅದರ ಹಿಂದೆ ಇನ್ನೊಂದು. ಆಮೇಲೆ ಐದಾರು ಒಟ್ಟಿಗೆ, ಬಿಸಿ ಹೆಂಚಿನ ಮೇಲೆ ಬಿದ್ದ ಹನಿಗಳಂತೆ.

"ಕಸದ ಬುಟ್ಟೀಲಿರುತ್ತೆ, ಆಮೇಲೆ ತೆಗೀಬಹುದು," ಎಂದಳು ಮಗಳು ಗಾಬರಿಯಿಂದ.

"ಇಲ್ಲೇ ಕೂತು ಅಳಿಸಿದ್ರೆ ಬುಟ್ಟಿಗೆ ಬೀಳುತ್ತೆ. ನೆಟ್‌ವರ್ಕಿನಿಂದ ಅಳಿಸಿದ್ದು ಎಲ್ಲಿಗೂ ಬೀಳಲ್ಲ. ಹೋಯ್ತು ಅಂದ್ರೆ ಹೋಯ್ತು." ಗಂಟುಮೋರೆಯ ದವಡೆ ಬಿಗಿಯಿತು. "ಬೇರೆ ಯಾವುದೋ ಕಂಪ್ಯೂಟರ್ ಮುಂದೆ ಕೂತ್ಕೊಂಡು ಯಾರೋ ಅಳಿಸ್ತಿದ್ದಾರೆ. ನಾವು ಇಲ್ಲಿ ನೋಡ್ತಾ ಇರೋವಾಗಲೇ."

ಅಳಿಯನ ಹೆಸರಿನ ಎರಡು ಫೈಲುಗಳೂ ಒಂದರ ಹಿಂದೊಂದು ಹೋದವು. ಕಪ್ಪು ಸಂದಿಯ ಹಲ್ಲು ಈಗ ಉಳಿದದ್ದು ಅಕ್ಕನ ಫೋನಿನಲ್ಲಿ ಮಾತ್ರ.

ಡಾಕ್ಟರು ಸರಕ್ಕನೆ ಬಗ್ಗಿ ಗೋಡೆಯ ಪ್ಲಗ್ಗಿಗೆ ಕೈ ಹಾಕಿದರು. ಅಕ್ಕ ಅವರ ಮಣಿಕಟ್ಟು ಹಿಡಿದಳು. ದಿನವಿಡೀ ಬೇರೆಯವರ ಸ್ಟೀರಿಂಗ್ ಎಳೆದು ಸರಿಪಡಿಸುವ ಕೈ ಅದು, ಡಾಕ್ಟರಿಗೆ ಅಲ್ಲಾಡಲಾಗಲಿಲ್ಲ.

"ಬಿಡೇ! ಎಲ್ಲ ಅಳಿಸಿ ಹೋಗ್ತಿದೆ, ಆಫ್ ಮಾಡ್ಬೇಕು!"

"ಮಾಡಿದ್ರೆ ಉಳಿದ ಫೈಲು ಉಳಿಯುತ್ತೆ, ನಿಜ," ಎಂದ ಗಂಟುಮೋರೆ ಪರದೆಯಿಂದ ಕಣ್ಣು ತೆಗೆಯದೆ. "ಅಳಿಸ್ತಿರೋನು ಯಾರು ಅಂತ ಮಾತ್ರ ಯಾವತ್ತೂ ಗೊತ್ತಾಗಲ್ಲ. ನನಗೆ ಅವನು ಬೇಕು."

ಅವನು ಇನ್ನೊಂದು ಕಿಟಕಿ ತೆರೆದ. ತನ್ನ ಫೋಲ್ಡರಿಗೆ ಈ ಕ್ಷಣ ಯಾರು ಯಾರು ಬಂದಿದ್ದಾರೆಂದು ಹಳೇ ಕಂಪ್ಯೂಟರ್ ಹೇಳುವ ಜಾಗ ಅದು. ಅಲ್ಲಿ ಎರಡು ಹೆಸರುಗಳಿದ್ದವು. ಒಂದು, ಮಹಡಿಯ ಮೇಲಿನ ಡಾಕ್ಟರ ಕಂಪ್ಯೂಟರ್. ಅದು ಸುಮ್ಮನೆ ಇತ್ತು. ಇನ್ನೊಂದು ಮೈತುಂಬ ಕೆಲಸದಲ್ಲಿತ್ತು.

ಗಂಟುಮೋರೆ ಗಟ್ಟಿಯಾಗಿ ಓದಿದ. "ಜಗಳಗಂಟಿ. ಇದು ಯಾರ ಕಂಪ್ಯೂಟರ್?"

ಅಕ್ಕನ ಹಿಡಿತ ಸಡಿಲವಾಯಿತು. ಡಾಕ್ಟರು ಕೈ ಬಿಡಿಸಿಕೊಂಡದ್ದು ಅವಳಿಗೆ ತಿಳಿಯಲೂ ಇಲ್ಲ.

"ಅದು ಅವರ ಲ್ಯಾಪ್‌ಟಾಪ್," ಮಗಳ ಮಾತು ಪಿಸುಗುಟ್ಟಿದಂತಿತ್ತು. "ಅತ್ತಿಗೆಯನ್ನ ಕರೆಯೋ ಹೆಸರನ್ನೇ ಅದಕ್ಕೆ ಇಟ್ಟಿದ್ರು. ಯಾರು ಕೇಳಿದ್ರೂ ನಗ್ತಿದ್ರು. ಆದ್ರೆ ಅದು ಕಾರಿನಲ್ಲಿ ಸುಟ್ಟುಹೋಯ್ತು. ಕರಗಿದ ಮುದ್ದೆಯನ್ನ ಪೊಲೀಸರು ನನಗೆ ತೋರಿಸಿದ್ರು."

"ಯಾವುದೋ ಮುದ್ದೆ ತೋರಿಸಿದ್ರು," ಎಂದ ಗಂಟುಮೋರೆ. ಅವನು ಎದ್ದು ನಿಂತಿದ್ದ. "ಇದು ಲೋಕಕ್ಕೆಲ್ಲ ಹರಡಿದ ಜಾಲ ಅಲ್ಲ. ಈ ಮನೆಯ ಜಾಲ. ವೈಫೈ ಎಟುಕೋ ಅಷ್ಟು ದೂರ, ಅಷ್ಟೇ. ಆ ಲ್ಯಾಪ್‌ಟಾಪ್ ಇರೋದು ಈ ಮನೇಲಿ. ಇಲ್ಲಾಂದ್ರೆ ಈ ಮನೆ ಗೋಡೆಗೆ ಅಂಟಿಕೊಂಡು."

ಮನೆಯವರೆಲ್ಲ ಆ ಕೋಣೆಯಲ್ಲೇ ಇದ್ದರು.

*

ಗಂಟುಮೋರೆ ಬಾಗಿಲ ಕಡೆ ಧಾವಿಸಿದ. ಅಕ್ಕ ಅವನು ಬಿಟ್ಟ ಕುರ್ಚಿಗೆ ಕುಸಿದು ಕೂತಳು. ಕಣ್ಣಲ್ಲಿ ನೀರಿರಲಿಲ್ಲ, ಕೆಂಡವಿತ್ತು.

"ಬದುಕಿದ್ದಾನೆ," ಎಂದಳು. "ಬದುಕಿದ್ದಾನೆ ಮುಂಡೇದು! ಶವಾಗಾರದ ಬಾಗಿಲಲ್ಲಿ ನಾನು ನಾಯಿ ಥರ ಕಾದಿದ್ದೀನಿ. ಸ್ಟೇಷನ್ನಿನಲ್ಲಿ ಹುಚ್ಚಿ ಅನ್ನಿಸ್ಕೊಂಡಿದ್ದೀನಿ. ಇವನು ಇಲ್ಲೇ ಪಕ್ಕದಲ್ಲಿ ಕೂತ್ಕೊಂಡು ಫೈಲು ಅಳಿಸ್ತಿದ್ದಾನೆ!"

ಅವಳ ಬೆರಳು ಕೀಲಿಗಳ ಮೇಲೆ ಬಡಿದವು. ಅದೇ ಫೋಲ್ಡರಿನೊಳಗೆ ಅವಳು ಹೊಸದೊಂದು ಖಾಲಿ ಫೋಲ್ಡರ್ ಹುಟ್ಟಿಸಿದಳು. ಅದಕ್ಕೆ ಇಟ್ಟ ಹೆಸರು: ಬದುಕಿದ್ದೀಯಾ ಕತ್ತೆ.

ಇಲ್ಲಿ ಕಂಡದ್ದು ಅಲ್ಲಿಯೂ ಕಾಣಬೇಕು. ಹಂಚಿಕೊಂಡ ಫೋಲ್ಡರ್ ಎಂದರೆ ಅಷ್ಟೇ ತಾನೆ.

ಅಳಿಸುವುದು ನಿಂತಿತು.

ಬಾಗಿಲ ಹೊಸ್ತಿಲಲ್ಲಿ ಗಂಟುಮೋರೆಯೂ ನಿಂತ. ಫ್ಯಾನಿನ ಕೆಮ್ಮೊಂದೇ ಕೇಳಿಸುತ್ತಿತ್ತು. ನರ್ಸ್ ಮಗಳ ಕೈ ಹಿಡಿದುಕೊಂಡಿದ್ದಳು, ಅಥವಾ ಮಗಳು ಅವಳದನ್ನು.

ಫೋಲ್ಡರಿನ ಹೆಸರು ತಾನಾಗಿ ಬದಲಾಯಿತು: ಅಕ್ಕ ಬೈಬೇಡ.

ಮಗಳು ಒಮ್ಮೆಲೇ ಅತ್ತಳು, ನಕ್ಕಳು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. "ಅವರೇ! ಅತ್ತಿಗೆ, ಅವರೇ! ಎಲ್ಲಿದ್ದಾರೆ ಕೇಳಿ, ಊಟ ಮಾಡಿದ್ದಾರಾ ಕೇಳಿ..."

ಅಕ್ಕ ಅಲ್ಲಾಡಲಿಲ್ಲ. ಪರದೆಯ ಮೇಲಿನ ಎರಡು ಪದಗಳನ್ನು ನೋಡುತ್ತಲೇ ಇದ್ದಳು. ಅವಳ ಮುಖದ ಮೇಲಿದ್ದ ಸಿಟ್ಟು ಇಂಗಿ, ಅದರ ಕೆಳಗಿನಿಂದ ಇನ್ನೊಂದು ಸಿಟ್ಟು ಎದ್ದು ಬಂತು. ಇದಕ್ಕೆ ಸದ್ದಿರಲಿಲ್ಲ.

"ಇದು ನನ್ನ ತಮ್ಮ ಅಲ್ಲ," ಎಂದಳು.

"ಅತ್ತಿಗೆ?"

"ಇಡೀ ಊರು ನನ್ನನ್ನ ಅಕ್ಕ ಅನ್ನುತ್ತೆ. ಅವನೊಬ್ಬ ಅಂದಿಲ್ಲ. ಹುಟ್ಟಿದಾಗಿಂದ ಒಂದೇ ಒಂದು ದಿನ ಅಂದಿಲ್ಲ. ಜಗಳಗಂಟಿ, ಇಲ್ಲಾಂದ್ರೆ 'ಲೇ'. ಅಮ್ಮ ಹೊಡೆದ್ರೂ ಅನ್ನಲಿಲ್ಲ. ಅಕ್ಕ ಅಂತೆ, ಬೈಬೇಡ ಅಂತೆ! ಅವನಾಗಿದ್ರೆ ವಾಪಸ್ ಬೈದಿರ್ತಿದ್ದ."

ಅವಳು ಮತ್ತೆ ಟೈಪ್ ಮಾಡಿದಳು. ಒಂದೊಂದು ಕೀಲಿಯನ್ನೂ ಹೊಡೆದಂತೆ: ಯಾರೋ ನೀನು.

ಈ ಸಲ ಉತ್ತರ ತಡವಾಯಿತು. ಗಂಟುಮೋರೆ ಕೋಣೆಯೊಳಕ್ಕೆ ಹಿಂತಿರುಗಿ ಬಂದ. ಬಂದವನು ಪರದೆ ನೋಡಲಿಲ್ಲ, ಡಾಕ್ಟರನ್ನು ನೋಡಿದ. ಅವರು ಇಷ್ಟು ಹೊತ್ತು ಕೂಗಿದ್ದೆಲ್ಲ ಎಲ್ಲಿ ಹೋಯಿತೋ. ರೋಗಿಯ ಕುರ್ಚಿಯ ಅಂಚಿನಲ್ಲಿ ಕೂತು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಹಲ್ಲು ಕೀಳಿಸಿಕೊಳ್ಳಲು ಬಂದವರ ಹಾಗೆ ಕಾಣುತ್ತಿದ್ದರು.

ಫೋಲ್ಡರಿನ ಹೆಸರು ಬದಲಾಯಿತು.

ತಮ್ಮ ಬೇಕಾ ಸಹಿ ಹಾಕು.

ಮಗಳು ಒಂದು ಸಲ ಓದಿದಳು. ಅರ್ಥವಾಗದವಳಂತೆ ಇನ್ನೊಂದು ಸಲ ಓದಿದಳು. ಆಮೇಲೆ ಗೋಡೆಗೆ ಜಾರಿ ಕೂತಳು. ಶವ ತಮ್ಮನದೇ ಎಂದು ಅಕ್ಕ ಒಪ್ಪಬೇಕು, ಕಡತ ಮುಚ್ಚಬೇಕು. ಆಗ ಮಾತ್ರ ಅವನು ಬದುಕುತ್ತಾನೆ. ಸತ್ತನೆಂದು ಬರೆದುಕೊಟ್ಟರೆ ಉಳಿಸುತ್ತಾರಂತೆ.

"ಹಾಕ್ತೀನಿ," ಅಕ್ಕ ಪರದೆಗೆ ಹೇಳಿದಳು, ಆ ಕಡೆಯವರಿಗೆ ಕೇಳಿಸುತ್ತದೋ ಎಂಬಂತೆ. "ನಿನ್ನ ಹಣೆ ಮೇಲೆ ಹಾಕ್ತೀನಿ ಸಹಿ."

"ಬೇಡಮ್ಮ."

ಡಾಕ್ಟರ ದನಿ ಅದು. ಅಷ್ಟು ಸಣ್ಣ ದನಿ ಅವರ ಬಾಯಿಂದ ಬಂದದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

"ಎದುರು ಮಾತಾಡಬೇಡ. ಅವರು ಹೇಳಿದ ಹಾಗೆ ಸಹಿ ಹಾಕಿಬಿಡು. ಅವರು ಸುಮ್ಮನೆ ಹೆದರಿಸೋರಲ್ಲ."

ನರ್ಸಿಗೆ ಮೊದಲು ಹೊಳೆಯಿತು; ಅವಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಗಂಟುಮೋರೆಗೆ. ಕಳ್ಳನನ್ನು ಯಾರೂ 'ಅವರು' ಎನ್ನುವುದಿಲ್ಲ. ಮುಖ ಕಾಣದ ಕೊಲೆಗಡುಕನನ್ನು 'ಯಾವನೋ' ಎ​ನ್ನುತ್ತಾರೆ. ಇನ್‌ಸ್ಪೆಕ್ಟರನ್ನೇ 'ಅವನು' ಎನ್ನುವ, ಅಳಿಯನನ್ನೂ ಹಾಗೆಯೇ ಕರೆದ, ಇಡೀ ಬದುಕಿನಲ್ಲಿ ಯಾರಿಗೂ ಒಂದು ಬಹುವಚನ ಕೊಡದ ಮನುಷ್ಯ ಗೋಡೆಯಾಚೆ ಕೂತವರಿಗೆ ಎರಡು ಸಲ ಕೊಟ್ಟಿದ್ದರು.

ಅಕ್ಕ ಕುರ್ಚಿಯಿಂದ ಎದ್ದಳು. ನಿಧಾನವಾಗಿ ಬಂದು ಡಾಕ್ಟರ ಕೊರಳಪಟ್ಟಿ ಹಿಡಿದು, ಅವರ ಮುಖವನ್ನು ತನ್ನ ಮುಖದ ಹತ್ತಿರಕ್ಕೆ ಎಳೆದಳು.

"ಯಾರಿಗೆ ಬೀಗರೇ," ಎಂದಳು, "ಇಷ್ಟು ಮರ್ಯಾದೆ?"